ದೇವರಿಗೆ ಬಿಟ್ಟ ಟಗರು

ಕುರಿಯ ವಿಷಯದಲ್ಲಿ ಸುಂದರಬಾಯಿಗೆ ಸುಳ್ಳು ಹೇಳಲು ಬರುವುದಿಲ್ಲ. ಕೊಳ್ಳಲು ಬಂದವನಿಗೆ ಕುರಿಯ ಕೆಮ್ಮನ್ನೂ ತಾನೇ ಹೇಳಿಬಿಡುತ್ತಾಳೆ, ಗಂಡ ಅಂಬಾರಾಯ ತಲೆ ಚಚ್ಚಿಕೊಳ್ಳುತ್ತಾನೆ. ಸೇಡಂ ಸೀಮೆಯ ಮುಧೋಳದ ಆಚೆ, ತೊಗರಿ ಹೊಲಗಳ ನಡುವಿನ ಊರು ಅವರದು. ನಾನು ಅಲ್ಲಿನ ಶಾಲೆಯಲ್ಲಿ ವಿಜ್ಞಾನ ಕಲಿಸುವ ಟೀಚರು, ಊರವರ ಬಾಯಲ್ಲಿ 'ಬಾಯರು'. ನಮ್ಮಿಬ್ಬರ ಮನೆಗೂ ಒಂದೇ ಗೋಡೆ, ಹಾಗಾಗಿ ಅವಳ ಕುರಿಗಳ ಚಿಂತೆ ನನಗೂ ಅಂಟಿಕೊಂಡಿತು.

ಅವಳ ಹಿಂಡು ವರ್ಷದಿಂದ ವರ್ಷಕ್ಕೆ ಕುಳ್ಳಾಗುತ್ತಿತ್ತು. ಅತ್ತೆಯ ಕಾಲದ ಟಗರುಗಳು ಸೊಂಟಕ್ಕೆ ಬರುತ್ತಿದ್ದವಂತೆ. ಈಗಿನವು ಮೊಣಕಾಲು ದಾಟಿದರೆ ಹೆಚ್ಚು. ಬೇಸಿಗೆಯಲ್ಲಿ ಮೇವಿಗೆಂದು ಕುಂಚಾವರಂ ಕಾಡಿನ ಕಡೆ ಹೊಡೆದುಕೊಂಡು ಹೋದರೆ ಮರಿಗಳು ಅರ್ಧ ದಾರಿಯಲ್ಲೇ ಕುಸಿದು ಕೂರುತ್ತಿದ್ದವು, ಕೆಲವು ಏಳುತ್ತಲೇ ಇರಲಿಲ್ಲ. ಹಿಂಡು ಮಾರಿ ವಾಡಿಯ ಸಿಮೆಂಟ್ ಕಾರ್ಖಾನೆಗೆ ಕೆಲಸಕ್ಕೆ ಹೋಗೋಣ ಎಂದು ಅಂಬಾರಾಯ ಶುರು ಹಚ್ಚಿಕೊಂಡಿದ್ದ. ಕುರಿಯಿಲ್ಲದ ಅಂಗಳವನ್ನು ನೆನೆದೇ ಸುಂದರಬಾಯಿಯ ಕಣ್ಣು ತುಂಬುತ್ತಿತ್ತು.

"ಹುಲ್ಲಿನ್ಯಾಗ ಸತ್ವ ಉಳದಿಲ್ರಿ ಬಾಯರ" ಎನ್ನುತ್ತಿದ್ದಳು. ನಾನೂ ನಂಬಿದ್ದೆ. ಆದರೆ ಅದೇ ಹುಲ್ಲು ಮೇಯುವ ಪಕ್ಕದೂರಿನ ಹಿಂಡು ಗಟ್ಟಿಮುಟ್ಟಾಗಿತ್ತು. ಒಂದು ಸಂಜೆ, ವರ್ಷಾವರ್ಷ ಬೀರಪ್ಪ ದೇವರಿಗೆ ಯಾವ ಮರಿ ಕಡಿಯುತ್ತೀರಿ ಎಂದು ಕೇಳಿದೆ.

"ಇದೇನ್ ಕೇಳಾಕತ್ತೀರಿ? ಎಲ್ಲಾದಕ್ಕಿಂತ ಜೋರ್ ಬೆಳದದ್ದು. ದೇವರಿಗೆ ಬಡಕಲು ಮರಿ ಕೊಡ್ಲಿಕ್ಕಾಗ್ತದೇನ್ರಿ?"

"ಮತ್ತ ಹಿಂಡಿನ್ಯಾಗ ತಳಿಗೆ ಯಾವ ಟಗರು ಇರ್ತದ?"

"ಉಳದದ್ದು" ಎಂದಳು. ಎಂದವಳೇ ಹಿಂಡಿನ ಕಡೆ ತಿರುಗಿ ನೋಡಿದಳು.

ಇನ್ನು ನನ್ನ ಬಾಯಿ ಕಟ್ಟುವವರು ಯಾರು? ಶುರುವಾಯಿತು ಪಾಠ. ಐದು ಬೆರಳು ಸಮ ಇರುವುದಿಲ್ಲ, ಒಂದೇ ತಾಯಿಯ ಮರಿಗಳೂ ಸಮ ಇರುವುದಿಲ್ಲ. ಒಂದರ ಕಾಲು ಉದ್ದ, ಇನ್ನೊಂದು ಬಿಸಿಲು ತಡೆಯುತ್ತದೆ. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎನ್ನುತ್ತೇವಲ್ಲ, ಆ ಗುಣಗಳು ಮುಂದಿನ ಮರಿಗೆ ಇಳಿಯುತ್ತವೆ. ಆದರೆ ಅದಕ್ಕೆ ಆ ಪ್ರಾಣಿ ಮರಿ ಹುಟ್ಟಿಸುವ ತನಕ ಬದುಕಿರಬೇಕು. ಕಾಡಿನಲ್ಲಿ ಓಡಲಾರದೆ ಹಿಂದೆ ಬಿದ್ದ ಜಿಂಕೆಯನ್ನು ತೋಳ ಹಿಡಿಯುತ್ತದೆ, ಓಡಿದ ಜಿಂಕೆ ಉಳಿದು ಮರಿ ಹಾಕುತ್ತದೆ. ಯಾರೂ ಕುಳಿತು ಲೆಕ್ಕ ಹಾಕಿದ್ದಲ್ಲ. ಹೀಗೇ ಲೆಕ್ಕವಿಲ್ಲದಷ್ಟು ತಲೆಮಾರು ನಡೆದು ಜಿಂಕೆಗೆ ಆ ಕಾಲು ಬಂತು, ಒಂದು ಜೀವಿಯಿಂದ ಮತ್ತೊಂದು ಬಗೆಯ ಜೀವಿಯೂ ಹಾಗೆಯೇ ಆಯಿತು.

"ನೀವು ತೋಳನ ಕೆಲಸಾನ ಉಲ್ಟಾ ಮಾಡೀರಿ. ಓಡೂದನ್ನ ಕಡದು, ಹಿಂದ ಬಿದ್ದದ್ದನ್ನ ಉಳಸೀರಿ" ಎಂದೆ.

ಅವಳು ಸಿಟ್ಟಾಗಲಿಲ್ಲ. "ಹಂಗಾದ್ರ ನಮ್ಮ ಭಕ್ತೀನೇ ನಮ್ಮ ಹಿಂಡು ತಿಂತೇನ್ರಿ?" ಎಂದಳು. ಅಷ್ಟು ನೇರವಾಗಿ ಹೇಳಬಾರದಿತ್ತೇನೋ ಎಂದು ನನಗೆ ಸಂಕಟವಾಯಿತು.

ಆ ವರ್ಷ ಹಿಂಡಿನಲ್ಲಿ ಒಂದು ಉದ್ದಕಾಲಿನ ಕರಿ ಟಗರಿತ್ತು. ಕುಂಚಾವರಂವರೆಗೆ ನಡೆದರೂ ಬಾಯಿ ತೆರೆದು ಏದುಸಿರು ಬಿಟ್ಟದ್ದಿಲ್ಲ. ತಳಿಗೆ ಉಳಿಸಿಕೊಳ್ಳಬೇಕಾದದ್ದು ಅದೇ. ಆದರೆ ಅದು ಆಗಲೇ ಹರಕೆಯ ಮರಿ. ಸೊಸೆ ದೇವಿಕಾಳ ಹೆರಿಗೆ ಕಷ್ಟವಾದಾಗ ಸುಂದರಬಾಯಿ ಸೇಡಂನ ಆಸ್ಪತ್ರೆಯ ಬಾಗಿಲಲ್ಲಿ ನಿಂತು, "ಬೀರಪ್ಪಾ, ತಾಯಿ ಕೂಸು ಇಬ್ಬರನ್ನೂ ಉಳಸು, ಕರಿ ಟಗರು ನಿನಗ ಬಿಡ್ತೀನಿ" ಎಂದು ಬೇಡಿಕೊಂಡಿದ್ದಳು. ಇಬ್ಬರೂ ಉಳಿದರು. ಈಗ ಮಾತು ತಪ್ಪಿದರೆ ಕೂಸಿಗೇನಾದೀತೋ ಎಂಬ ಭಯ ಅವಳದು. ಅದರ ಮುಂದೆ ನನ್ನ ಪಾಠ ಎಷ್ಟರದು!

ಮುಂದಿನ ವಾರ ಇಬ್ಬರೂ ಸೇಡಂ ಸಂತೆಗೆ ಹೋಗಿದ್ದೆವು. ಬಸವಣ್ಣನ ಹೆಸರಲ್ಲಿ ಬಿಟ್ಟ ಗೂಳಿಯೊಂದು ಕೊತ್ತಂಬರಿ ಕಟ್ಟಿಗೆ ಬಾಯಿ ಹಾಕಿತ್ತು. ಮಾರುವವಳು ಹೊಡೆಯಲಿಲ್ಲ, "ಸಾಕು ನಡಿಯಪ್ಪ" ಎಂದು ಬೆನ್ನು ತಟ್ಟಿದಳು. ಸುಂದರಬಾಯಿ ನಿಂತಲ್ಲೇ ನಿಂತಳು.

"ಬಾಯರ, ಇದನ್ನೂ ದೇವರಿಗೆ ಬಿಟ್ಟದ್ದಲ್ಲೇನ್ರಿ?"

"ಹೂಂ."

"ಆದ್ರ ಯಾರೂ ಕಡದಿಲ್ಲ." ಅವಳ ಮುಖ ಅರಳಿತು. "ನಾನೂ ಬಿಡ್ತೀನಿ ಅಂತನೇ ಅಂದೀನ್ರಿ. ಕಡೀತೀನಿ ಅಂದಿಲ್ಲ."

ಅಮಾವಾಸ್ಯೆಯ ದಿನ ಟಗರನ್ನು ಗುಡಿಗೆ ಕರೆದೊಯ್ದು, ಹಣೆಗೆ ಭಂಡಾರದ ಅರಿಸಿನ ಹಚ್ಚಿ, ಹಗ್ಗ ಬಿಚ್ಚಿ ಹಿಂಡಿನೊಳಗೆ ಬಿಟ್ಟಳು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ. "ಬಿಡೂದಂದ್ರ ಕಡಿಯೂದೇ. ಅಪ್ಪ ಅಜ್ಜನ ಕಾಲದಿಂದ ಹಂಗೇ ನಡದದ" ಎಂದು ಪೂಜಾರಿ ರೇಗಿದ. ಅಂದಿನ ಊಟ ತಪ್ಪಿದ ನೋವು ಅವನಿಗೆ.

ಎಂಟು ದಿನವಾಗಿರಲಿಲ್ಲ, ಕೂಸಿಗೆ ಜ್ವರ ಬಂತು. ಹಿಂದಿನ ದಿನ ಹಾಕಿದ ಲಸಿಕೆಯ ಜ್ವರ; ಬರುತ್ತದೆ, ತಾನೇ ಇಳಿಯುತ್ತದೆ ಎಂದು ನರ್ಸ್ ಮೊದಲೇ ಹೇಳಿದ್ದಳು, ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಅಂಬಾರಾಯ ಟಗರಿನ ಕಡೆ ನೋಡಿದ. ಸುಂದರಬಾಯಿ ಹಗ್ಗ ತಂದು ಅದರ ಕೊರಳಿಗೆ ಹಾಕಿದಳು. ನಾನು ಗೋಡೆಯಾಚೆಯಿಂದ ಏನೋ ಹೇಳಹೊರಟು ಹಿಂದೆ ಸರಿದೆ. ನನಗೂ ಹೆದರಿಕೆಯಾಗಿತ್ತು.

ದೇವಿಕಾ ಕೂಸನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ಬಂದಳು. ಹೆಚ್ಚು ಮಾತಿನವಳಲ್ಲ.

"ಅತ್ತಿ, ಬಿಡ್ತೀನಿ ಅಂದ್ರಿ, ಬಿಟ್ರಿ. ಈಗ ಕಡದ್ರ ಮಾತು ತಪ್ತದ. ನನ್ನ ಕೂಸಿನ ಮ್ಯಾಲಿನ ಮಾತದು, ತಪ್ಪಬ್ಯಾಡ್ರಿ."

ಸುಂದರಬಾಯಿ ಹಗ್ಗ ಬಿಚ್ಚಿದಳು. ಮರುದಿನ ಜ್ವರ ಇಳಿಯಿತು.

ದೀಪಾವಳಿ ಹೊತ್ತಿಗೆ ಮರಿಗಳು ಹುಟ್ಟಿದವು. ಕೆಲವು ಉದ್ದಕಾಲಿನವು, ಕೆಲವು ಎಂದಿನಂತೆ ಗಿಡ್ಡ. ಅವು ಬೆಳೆದು ಬೀರಪ್ಪನ ವರ್ಷದ ಬಲಿ ಹತ್ತಿರ ಬಂದಾಗ ಒಂದು ಗಿಡ್ಡ ಟಗರನ್ನು ಎತ್ತಿಕೊಂಡು ಸುಂದರಬಾಯಿ ಅಳುಕುತ್ತಾ ಕೇಳಿದಳು: "ಇದನ್ನ ಕೊಟ್ರ ಬೀರಪ್ಪ ಸಿಟ್ಟಾಗ್ತಾನೇನ್ರಿ ಬಾಯರ?"

ವಿಜ್ಞಾನದ ಪುಸ್ತಕದಲ್ಲಿ ಅದಕ್ಕೆ ಉತ್ತರವಿಲ್ಲ. ಉತ್ತರ ಕೊಟ್ಟದ್ದು ದೇವಿಕಾ: "ಯಾಕ ಸಿಟ್ಟಾಗ್ತಾನ ಅತ್ತಿ? ಇದೂ ಅವನು ಕೊಟ್ಟದ್ದೇ ಅಲ್ಲೇನು?"