ಮೂರನೇ ಪೀಪಾಯಿ

ನಮ್ಮ ಮನೆಯ ಹೊಸ್ತಿಲು ರೈಲು ಸೇತುವೆಯ ತೊಲೆ. ತಳಕು ಊರಿನಾಚೆಯ ಹಳ್ಳದ ಮೇಲಿದ್ದ ಮರದ ಸೇತುವೆ ಕಿತ್ತು ಕಬ್ಬಿಣದ್ದು ಹಾಕಿದಾಗ, ರೈಲಿನವರ ಹತ್ತಿರ ಜಗಳವಾಡಿ ಈ ತುಂಡನ್ನು ಎತ್ತಿನ ಗಾಡಿಗೆ ಹೇರಿಸಿಕೊಂಡು ಬಂದೆ. ಮೊನ್ನೆ ಬಾಗಿಲು ಸರಿಮಾಡಲು ಬಂದ ಬಡಗಿ, ಅದರ ಮೇಲಿನ ಅಂಗೈಯಗಲದ ಕರಕಲನ್ನು ಹೆರೆದು ಚೊಕ್ಕ ಮಾಡುತ್ತೇನೆ ಅಂದ. ನನಗೆ ಪಿತ್ತ ನೆತ್ತಿಗೇರಿತು.

ಆ ಸೇತುವೆಯ ಕಾವಲು ನಮ್ಮ ಯಜಮಾನರದು. ರೈಲುಗಾಡಿ ದಾಟಿದ ಕೂಡಲೇ ಈ ತುದಿಯಿಂದ ಆ ತುದಿಗೆ ನಡೆದು, ಇಂಜಿನ್ನಿನಿಂದ ಉದುರಿದ ಕೆಂಡಗಳಿಗೆ ನೀರು ಹೊಯ್ಯಬೇಕು. ಅದಕ್ಕೆಂದೇ ಎರಡು ಪೀಪಾಯಿ ಇಟ್ಟಿದ್ದರು. ಬೇಸಿಗೆಯಲ್ಲಿ ಹಳ್ಳ ಒಣಗಿದರೆ, ದೂರದಲ್ಲಿ ಮರಳು ಬಗೆದು ತೋಡಿದ ಚಿಲುಮೆಯಿಂದ ನಾನೇ ಹೊತ್ತು ತಂದು ತುಂಬುತ್ತಿದ್ದೆ.

ಒಂದು ಬೇಸಿಗೆ ಅವರು ಜ್ವರ ಬಂದು ಮಲಗಿದರು. ಕಾವಲು ನನ್ನ ಮೇಲೆ ಬಿತ್ತು. ಸುಡುಮಧ್ಯಾಹ್ನ ಮುದುಕನೊಬ್ಬ ಕುರಿ ಹೊಡೆದುಕೊಂಡು ಸೇತುವೆ ಕೆಳಗಿನ ನೆರಳಿಗೆ ಬಂದ. ಕುರಿಗಳು ನಾಲಿಗೆ ಚಾಚಿಕೊಂಡು ಏದುಸಿರು ಬಿಡುತ್ತಿದ್ದವು.

"ಅವ್ವ, ಒಂದಿಷ್ಟು ನೀರೈತಾ?"

ಸರ್ಕಾರದ ನೀರು, ಮುಟ್ಟಿದರೆ ಕೆಲಸ ಹೋಗುತ್ತದೆ ಎಂದು ಗೊತ್ತಿತ್ತು. ಆದರೆ ಬಾಯಾರಿದ ಮೂಕ ಜೀವಕ್ಕೆ ಇಲ್ಲ ಅನ್ನಲು ನನ್ನ ನಾಲಿಗೆ ಹೊರಳಲಿಲ್ಲ. ಕೊಡ ಕೊಡವಾಗಿ ಸುರಿದೆ. ಎರಡೂ ಪೀಪಾಯಿ ಬರಿದಾದವು. ಗಾಡಿ ಬರುವಷ್ಟರಲ್ಲಿ ಎರಡು ಕೊಡವಾದರೂ ತರೋಣವೆಂದು ಹೊರಟೆ. ಅಷ್ಟರಲ್ಲೇ ಸಿಳ್ಳೆ ಕೇಳಿಸಿತು. ಅಯ್ಯೋ ಶಿವನೇ!

ಗಾಡಿ ದಾಟಿತು. ನಡುವಿನ ತೊಲೆಯ ಬಿರುಕಿನಲ್ಲಿ ಕೆಂಡ ಕೂತು ಹೊಗೆಯಾಡತೊಡಗಿತು. ಬರಿಗೈಲಿ ಕೆದಕಿದೆ, ಬೆರಳಿಗೆ ಬೊಬ್ಬೆ ಬಂದವೇ ಹೊರತು ಕೆಂಡ ಕದಲಲಿಲ್ಲ. ಗಾಳಿಗೆ ಜ್ವಾಲೆ ಎದ್ದಿತು. ಸಂಜೆಯ ಗಾಡಿಯಲ್ಲಿ ಬರುವ ಜನ, ಮಲಗಿದ ಗಂಡ, ಅವರ ಕೆಲಸ, ಎಲ್ಲವೂ ಕಣ್ಣ ಮುಂದೆ ಬಂದು ಕೂಗಿಕೊಂಡೆ.

ಮುದುಕ ದಿಬ್ಬ ಹತ್ತಿ ಓಡಿಬಂದ. ಹೆಗಲ ಕಂಬಳಿಯನ್ನು ನಾಕು ಮಡಿಕೆ ಮಾಡಿ ಬೆಂಕಿಯ ಮೇಲೆ ಹಾಕಿ, ಎರಡೂ ಮಂಡಿಯೂರಿ ಒತ್ತಿ ಕೂತ. ಉಣ್ಣೆ ಸುಟ್ಟ ವಾಸನೆ ಮೂಗಿಗೆ ಅಡರಿತು. ಅವನು ಏಳಲಿಲ್ಲ.

"ಕುರಿ ಕುಡ್ದ ನೀರಿನ ರುಣ ಕುರಿ ಉಣ್ಣೇಲೇ ತೀರ್ತು, ಬಿಡವ್ವ," ಅಂದ ಕೊನೆಗೆ. ಬೆಂಕಿ ಆರಿತ್ತು. ಕಂಬಳಿಯಲ್ಲಿ ತೂತು, ತೊಲೆಯಲ್ಲಿ ಕರಕಲು.

ಆ ವಾರವೇ ಸೇತುವೆ ಪರೀಕ್ಷಿಸಲು ಸಾಹೇಬರು ಬರುವವರಿದ್ದರು. "ಮಣ್ಣು ಮೆತ್ತಿಬಿಡೇ, ಕಾಣಂಗಿಲ್ಲ," ಅಂದರು ಯಜಮಾನರು. ನಾನು ಮೆತ್ತಲಿಲ್ಲ. ನನ್ನ ಸೇತುವೆಗೆ ನಾನೇ ಸುಳ್ಳು ಬಳಿಯಲೇ?

ಸಾಹೇಬರು ಕರಕಲು ಕಂಡು ನಿಂತರು. ಯಜಮಾನರು ಒಂದು ಹೆಜ್ಜೆ ಹಿಂದೆ ಸರಿದರು. ನಾನೇ ಮುಂದೆ ಹೋದೆ.

"ನೀರು ಕುರಿಗೆ ಹಾಕ್ದೆ ಸ್ವಾಮಿ. ತಪ್ಪು ನಂದು, ಇವ್ರದಲ್ಲ. ಕುರಿಯೋರ ಕಂಬಳಿ ಸೇತುವೆ ಉಳಿಸ್ತು."

ಅವರು ಕೂತು ಚಾಕುವಿನಿಂದ ತೊಲೆ ಕೆದಕಿದರು. ಉಗುರಿನಷ್ಟು ಆಳಕ್ಕೆ ಮಾತ್ರ ಸುಟ್ಟಿತ್ತು, ಒಳಗೆ ಗಟ್ಟಿ ಮರ. ಎದ್ದು ಕೈ ಒರೆಸಿಕೊಂಡರು.

"ಇನ್ನು ಮೇಲೆ ಪೀಪಾಯಿ ಪಕ್ಕ ಎರಡು ಕಂಬಳಿ ಇರಲಿ," ಅಂದರು. ನಾಕು ಹೆಜ್ಜೆ ನಡೆದು ತಿರುಗಿ ಹೇಳಿದರು: "ಮೂರನೇ ಪೀಪಾಯಿ ಒಂದು ಕಳಿಸ್ತೀನಿ. ಅದರ ನೀರು ಎಲ್ಲಿಗೆ ಹೋಯ್ತು ಅಂತ ನಾನು ಕೇಳಲ್ಲ."

ಆ ಪೀಪಾಯಿಯನ್ನು ಒಂದು ದಿನವೂ ನಾನು ಬರಿದು ಬಿಡಲಿಲ್ಲ. ಮರುಬೇಸಿಗೆ ಅದೇ ಮುದುಕ ಅದೇ ತೂತು ಕಂಬಳಿ ಹೊದ್ದು ಬಂದ. ಕುರಿ ಕುಡಿಯುತ್ತಿರುವಾಗ, ಕೊಡಜ್ಜ, ಹೊಲಿದುಕೊಡ್ತೀನಿ ಅಂದೆ.

"ಮುಟ್ಬೇಡ ತಾಯಿ! ರೈಲು ಉಳ್ಸಿದ ತೂತಿದು. ಇದ್ನ ತೋರ್ಸಿದ್ರೆ ಹೋದೂರಲ್ಲೆಲ್ಲ ನಂಗೆ ಮುದ್ದೆ ಹಾಕ್ತಾರೆ."

ಬಡಗಿಗೂ ಮೊನ್ನೆ ನಾನು ಅಷ್ಟೇ ಹೇಳಿದೆ, ಮುಟ್ಟಬೇಡ.