ಪಕ್ಕದ ಕಾಗದಕ್ಕೆ ಬಿದ್ದ ಹತ್ತು

ಪುಣೆ ಕ್ಯಾಂಪಿನ ನಮ್ಮ ಶೂಟಿಂಗ್ ಕ್ಲಬ್ಬಿನಲ್ಲಿ ಪಿಸ್ತೂಲು ತಂಡದ ಆಯ್ಕೆ ನಡೆದಿತ್ತು. ಕೊನೆಯ ಗುಂಡು ಚೆನ್ನಾಗಿ ಬಿದ್ದರೆ ನನಗೆ ಜಾಗ ಖಾತ್ರಿ. ಉಸಿರು ಹಿಡಿದು ಹೊಡೆದೆ. ನನ್ನ ಗುರಿಯ ಕಾಗದದಲ್ಲಿ ಹೊಸ ತೂತೇ ಇಲ್ಲ! ಪಕ್ಕದಲ್ಲಿ ಹೊಡೆಯುತ್ತಿದ್ದ ನಡುವಯಸ್ಸಿನ ಹೆಂಗಸು ತೀರ್ಪುಗಾರರನ್ನು ಕರೆದು ತಮ್ಮ ಕಾಗದ ತೋರಿಸಿದರು. “ನಟ್ಟನಡುವೆ ಬಿದ್ದ ಈ ಹತ್ತು ಅಂಕದ ಗುಂಡು ನನ್ನದಲ್ಲ,” ಅಂದರು ಮರಾಠಿಯಲ್ಲಿ.

ಗುಂಡು ನನ್ನದೇ; ಬೇರೆಯವರ ಕಾಗದಕ್ಕೆ ಹೊಡೆದದ್ದಕ್ಕೆ ನನಗೆ ಸೊನ್ನೆ ಬಿತ್ತು. “ಅಯ್ಯೋ ದೇವರ!” ಅಂದುಬಿಟ್ಟೆ.

ಆಕೆ ತಿರುಗಿದರು. “ಕನ್ನಡದವರೇನ್ರಿ? ಗುರಿ ಭಾಳ ಛಲೋ ಅದ. ಬರೇ ಮನಿ ತಪ್ಪೇದ ನೋಡ್ರಿ.”

“ಸುಮ್ನಿದ್ದಿದ್ರ ಆ ಹತ್ತು ನಿಮಗ ಸಿಗ್ತಿತ್ತಲ್ರಿ?”

“ಮಂದಿ ಹತ್ತು ನನಗ್ಯಾಕ್ರಿ?”

ತಂಡದ ಜಾಗ ಆಕೆಗೇ ಹೋಯಿತು. ಮನೆಯಲ್ಲಿ ಮಾತ್ರ ಕೊನೆಯ ಗುಂಡು ಹತ್ತಕ್ಕೇ ಬಿತ್ತೆಂದು ಹೇಳಿದೆ. ಯಾರ ಕಾಗದಕ್ಕೆ ಅಂತ ಪುಣ್ಯಕ್ಕೆ ಯಾರೂ ಕೇಳಲಿಲ್ಲ.