ಕುದಿಸಬಾರದ ಔಷಧ

ಬೀರಸಿದ್ದಪ್ಪ ಹೋಗಿ ಹದಿನೇಳು ದಿನಗಳಾದವು. ಮಣ್ಣಿಗೆ ಬಂದವರು, ಒಳ್ಳೆಯವನೇ, ಆದರೆ ಹಟಮಾರಿ ಎಂದರು. ಆ ‘ಆದರೆ’ಯನ್ನು ನಾನು ಒಪ್ಪುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವನು ಕುರುಬರ ಮನೆಯವನು, ಗೋಕಾಕದ ದವಾಖಾನೆಯಲ್ಲಿ ಕಂಪೌಂಡರ್. ನಾನು ಮೂಡಲಗಿಯ ಶಾಲೆಯಲ್ಲಿ ಮಾಸ್ತರ. ಹತ್ತು ವರ್ಷ ಅವನು ಸೈಕಲ್ ತುಳಿದು ಹಳ್ಳಿಹಳ್ಳಿಗೆ ಹೇಳಿದ್ದು ಒಂದೇ ಮಾತು: ಕುದಿಸಿ ಕುಡಿಯಿರಿ.

೧೯೩೮ರ ಸುಗ್ಗಿಯಲ್ಲಿ ಮೂಡಲಗಿಯ ಆಚೆಯ ಹಳ್ಳಿಯೊಂದಕ್ಕೆ ಪಟಕಿ, ಅಂದರೆ ಕಾಲರಾ, ಬಂತು. ಮೊದಲು ಹೋದವನು ಅಲ್ಲವ್ವನ ಮೈದುನ. ಅಲ್ಲವ್ವ ಗೌಡರ ಹೊಲದಲ್ಲಿ ಜೋಳ ಕೊಯ್ಯುವ ನಲವತ್ತು ಆಳುಗಳಿಗೆ ನುಚ್ಚು ಬೇಯಿಸುತ್ತಿದ್ದಳು. ಬೆಂದ ನುಚ್ಚಿಗೆ ಬಾವಿಯ ಹಸಿ ನೀರು ಬೆರೆಸಿ ತೆಳ್ಳಗೆ ಮಾಡಿ ಹೊಲಕ್ಕೆ ಒಯ್ಯುವುದು ರೂಢಿ. ರೋಗ ಹತ್ತುತ್ತಿದ್ದದ್ದು ಆ ನೀರಿನಿಂದ. ಅಷ್ಟೂ ನೀರು ಕಾಯಿಸಲು ಊರಲ್ಲಿ ಉರಿಸುವ ಕುಳ್ಳು, ಬೆರಣಿ, ಸಾಲದು.

ಆಗ ದವಾಖಾನೆಗೆ ಗಾಜಿನ ಕುಪ್ಪಿಗಳಲ್ಲಿ ಬ್ಯಾಕ್ಟೀರಿಯೋಫೇಜ್ ಎಂಬ ಹೊಸ ಔಷಧ ಬಂದಿತ್ತು. ಅದು ಕಾಲರಾದ ಜಂತುವನ್ನೇ ತಿಂದು ಬೆಳೆಯುವ, ಅದಕ್ಕಿಂತಲೂ ಸಣ್ಣ ಜೀವ. ಮನುಷ್ಯನಿಗೆ ಏನೂ ಮಾಡದು. ಬೀರಸಿದ್ದಪ್ಪ ನಾಲ್ಕು ಕುಪ್ಪಿ ಅಲ್ಲವ್ವನ ಕೈಗಿತ್ತು, ನುಚ್ಚಿಗೆ ಹಾಕುವ ನೀರಿನಲ್ಲಿ ಬೆರೆಸಿ ಒಂದು ತಾಸು ಬಿಡಲು ಹೇಳಿ ಬಂದ.

ಮೂರು ದಿನದಲ್ಲಿ ಮತ್ತಿಬ್ಬರು ರೋಗ ಹತ್ತಿ ಮಲಗಿದರು. ನಾವಿಬ್ಬರೂ ಹೋದಾಗ ಗೌಡರ ಕಟ್ಟೆಯ ಮೇಲೆ ಜನ ಸೇರಿತ್ತು. ಅಲ್ಲವ್ವನನ್ನು ಕೇಳಿದ ಮೇಲೆ ವಿಷಯ ತಿಳಿಯಿತು. ಔಷಧವೆಂದರೆ ಕಷಾಯವೆಂದುಕೊಂಡು, ಕುಪ್ಪಿಯದನ್ನು ಚರಿಗೆ ನೀರಿಗೆ ಹಾಕಿ, ಮೂರು ಉಕ್ಕು ಬರುವವರೆಗೆ ಕುದಿಸಿ, ಆರಿಸಿ ಬೆರೆಸಿದ್ದಳು.

“ಕುದಿಸಲಾರದ್ದು ಮಂದಿಗೆ ಕೊಡಬ್ಯಾಡ ಅಂತ ಹತ್ತ ವರ್ಷ ಹೇಳಿದಾಂವ ನೀನ ಅಲ್ಲೇನೋ?” ಎಂದು ಅವಳು ಬೀರಸಿದ್ದಪ್ಪನನ್ನೇ ಕೇಳಿದಳು.

ಕುದಿಸಿದರೆ ಆ ಜೀವ ಸಾಯುತ್ತದೆ. ಹೇಳಬೇಕಾದ ಆ ಮಾತನ್ನು ತಾನೇ ಹೇಳಿರಲಿಲ್ಲ, ತಪ್ಪು ತನ್ನದು ಎಂದು ಅವನು ಎಲ್ಲರೆದುರು ಒಪ್ಪಿಕೊಂಡ. ಇನ್ನೂ ನಾಲ್ಕು ಕುಪ್ಪಿಗಳಿವೆ ಎಂದ. ಇದನ್ನು ಯಾವುದರಿಂದ ತೆಗೆಯುತ್ತಾರೆ ಎಂದು ಯಾರೋ ಕೇಳಿದರು. ಪಟಕಿಯಿಂದ ಗುಣವಾದವರ ಹೊಲಸಿನಿಂದ, ಸೋಸಿ ಸೋಸಿ ತೆಗೆಯುತ್ತಾರೆಂದು ಮುಚ್ಚಿಡದೆ ಹೇಳಿದ. ಜನ ಥೂ ಎಂದು ಎದ್ದು ನಿಂತರು.

ಅಪ್ಪಣ್ಣಗೌಡರು ಕೆಟ್ಟವರಲ್ಲ. ಅವನನ್ನು ಬಾಜೂಕ್ಕೆ ಕರೆದರು. “ಸ್ವಾಮಿಗಳು ಕೊಟ್ಟ ತೀರ್ಥ ಅಂದ ಬಿಡೋ. ನಾನೂ ಹೂಂ ಅಂತೇನಿ. ಎಲ್ಲಾರೂ ಕುಡೀತಾರ.”

“ಇವತ್ತ ಕುಡೀತಾರ್ರಿ ಗೌಡ್ರ. ನಾಳಿ ಯಾವನರ ಗಟಾರದ ನೀರಿಗಿ ತೀರ್ಥ ಅಂದ್ರ ಅದನ್ನೂ ಕುಡೀತಾರ. ನಾ ಹೇಳಂಗಿಲ್ಲ.”

ಮಂದಿ ಸತ್ತರೆ ಎಂದರು ಗೌಡರು. ನಾನೂ ಅವನ ಕೈ ಹಿಡಿದು, ಒಪ್ಪಿಕೋ ಎಂದೆ. ಅವನು ಕೈ ಬಿಡಿಸಿಕೊಂಡ. ಬಾವಿಯ ನೀರು ತರಿಸಿ, ಕುಪ್ಪಿಗಳ ಕುತ್ತಿಗೆ ಮುರಿದು ಔಷಧ ಬೆರೆಸಿ, ತಾಸು ಹೊತ್ತು ಅದರ ಮುಂದೆಯೇ ಕೂತ. ಆಮೇಲೆ ಅದನ್ನು ನುಚ್ಚಿಗೆ ಸುರಿದು ಉಣ್ಣತೊಡಗಿದ.

ಅಲ್ಲವ್ವ ಬಂದು ಅವನೆದುರು ಕೂತಳು. ನಿಂತಿದ್ದವರ ಕಡೆ ತಿರುಗಿ, “ಮೈದುನನ ಹೊಲಸು ಬಳದಾಕಿ ನಾನು. ಹೇಸಿದ್ರ ನಾ ಹೇಸಬೇಕು, ನೀವಲ್ಲ,” ಎಂದಳು. ಒಂದು ಗಂಗಾಳ ಪೂರ್ತಿ ಉಂಡಳು. ಆಕೆಯ ಹಿಂದೆ ಹದಿನಾರು ಜನ ಕೂತರು. ಉಳಿದವರು ಮನೆಗೆ ಹೋದರು.

ಉಂಡವರಲ್ಲಿ ಯಾರೂ ಮಲಗಲಿಲ್ಲ. ಮನೆಗೆ ಹೋದವರಲ್ಲಿ ಮೂವರು ಮಲಗಿದರು; ಶೆಟ್ಟೆಪ್ಪ ಎಂಬವನು ತೀರಿಕೊಂಡ. ಹದಿನೇಳು ಜನರಿಂದ ಏನೂ ಸಾಬೀತಾಗುವುದಿಲ್ಲ ಎಂದು ಬೀರಸಿದ್ದಪ್ಪನೇ ಹೇಳುತ್ತಿದ್ದ. ಶೆಟ್ಟೆಪ್ಪನ ಮನೆಗೆ ಮಾತ್ರ ಪ್ರತಿ ವರ್ಷ ಹೋಗುತ್ತಿದ್ದ. ಒಮ್ಮೆ ನಾನೂ ಜೊತೆಗಿದ್ದೆ. ತೀರ್ಥ ಅಂದಿದ್ದರೆ ನನ್ನ ಗಂಡ ಉಳಿಯುತ್ತಿದ್ದನೇನು ಎಂದು ಶೆಟ್ಟೆಪ್ಪನ ಹೆಂಡತಿ ಕೇಳಿದಳು.

“ಉಳೀತಿದ್ನೋ ಏನೋ ತಂಗಿ,” ಎಂದ ಅವನು, ಕಣ್ಣು ತಪ್ಪಿಸದೆ. “ಆದ್ರೂ ನಾ ಅನ್ನತಿರಲಿಲ್ಲ.”

ಆಕೆ ಒಳಗೆ ಹೋಗಿ ಅವನಿಗೆ ಊಟಕ್ಕೆ ನೀಡಿದಳು.